ಒಲೆ ಹಚ್ಚದ ಶನಿವಾರ

ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಪುಟ್ಟಿ ಶಾಲೆಯಿಂದ ಬರುತ್ತಾಳೆ. ಬ್ಯಾಗು ಸೋಫಾದ ಮೇಲೆ, ಶೂ ಬಾಗಿಲಲ್ಲಿ, ಸಾಕ್ಸ್ ಎಲ್ಲಿ ಬಿತ್ತೋ ಅಲ್ಲಿ. ಕೈಕಾಲು ತೊಳೆಯುವುದಕ್ಕೂ ಮುಂಚೆ ಫ್ರಿಜ್ಜಿನ ಬಾಗಿಲು ತೆಗೆದು ನಿಂತಿರುತ್ತಾಳೆ. ಆರನೇ ಕ್ಲಾಸಿನ ಹಸಿವು. ಸೊಸೆ ಬೆಳಗ್ಗೆಯೇ ಅನ್ನ, ಸಾರು, ಪಲ್ಯ ಮಾಡಿ ಹಾಟ್‌ಬಾಕ್ಸಿನಲ್ಲಿಟ್ಟು ಕೆಲಸಕ್ಕೆ ಹೋಗಿರುತ್ತಾಳೆ. ಆದರೆ ಶನಿವಾರ ಅನ್ನ ಸಾರು ಯಾರಿಗೆ ಬೇಕು?

"ಅಜ್ಜಿ, ಫ್ರೀಜರಲ್ಲಿ ಮೋಮೋ ಇದೆ. ಮಾಡಿಕೊಡೇ."

ಮೊದಲಿನ ಕಾಲವಾಗಿದ್ದರೆ ಐದು ನಿಮಿಷದಲ್ಲಿ ಇಡ್ಲಿ ಪಾತ್ರೆ ಒಲೆಗೇರುತ್ತಿತ್ತು. ಈಗ ನಮ್ಮ ಮನೆಯಲ್ಲಿ ಮಗ ಸೊಸೆ ಇಲ್ಲದ ಹೊತ್ತು ಗ್ಯಾಸ್ ಹಚ್ಚುವ ಹಾಗಿಲ್ಲ. ಮಗ ಹೊರಡುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡುತ್ತಾನೆ, ಲೈಟರನ್ನು ನನ್ನ ಕೈಗೆಟುಕದ ಶೆಲ್ಫಿನ ಮೇಲೆ ಇಡುತ್ತಾನೆ. ಚಿಕ್ಕವನಿದ್ದಾಗ ಅವನ ಕೈಗೆ ಸಿಗದಿರಲೆಂದು ನಾನು ಬೆಂಕಿಪೊಟ್ಟಣ ಇಡುತ್ತಿದ್ದ ಹಾಗೆಯೇ.

ಕಾರಣ ಹೇಳುವುದಕ್ಕೆ ನಾಚಿಕೆ. ಆದರೂ ಹೇಳುತ್ತೇನೆ, ನನ್ನ ವಯಸ್ಸಿನವರು ಓದುತ್ತಿರುತ್ತೀರಿ. ಮೊದಲ ಸಲ ಹಾಲಿನ ಪಾತ್ರೆ ತಳ ಹಿಡಿದು ಕರಿ ಇದ್ದಲಾಯಿತು. ಅದು ಎಲ್ಲರ ಮನೆಯಲ್ಲೂ ಆಗುವುದೇ ಅಂದುಕೊಂಡೆವು. ಎರಡನೇ ಸಲ ಹಾಲು ಉಕ್ಕಿ ಉರಿ ಆರಿತು, ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ನಾನು ಒಳಕೋಣೆಯಲ್ಲಿ ಸೀರೆ ಮಡಿಸುತ್ತಾ ಕೂತಿದ್ದೆ. ಪಕ್ಕದ ಮನೆಯವರು ವಾಸನೆ ಹಿಡಿದು ಓಡಿಬಂದರು. ಬಂದವರೇ ಒಂದು ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲೆಲ್ಲ ತೆರೆದರು. ಆ ಪುಣ್ಯಾತ್ಗಿತ್ತಿಗೆ ಲೈಟ್ ಹಾಕಿ ನೋಡೋಣ ಅನ್ನಿಸಿದ್ದರೆ ಈ ಬರಹ ನೀವು ಓದುತ್ತಿರಲಿಲ್ಲ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ, ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡುತ್ತದೆ ಎಂದು ವರ್ಷವರ್ಷವೂ ಪಾಠ ಮಾಡಿದವಳು. ಅಂಥವಳ ಮೂಗಿಗೇ ಅದು ಬಡಿಯಲಿಲ್ಲ. ವಯಸ್ಸಾದ ಮೇಲೆ ಕಣ್ಣು ಕಿವಿಯಂತೆ ಮೂಗೂ ಮಂದವಾಗುತ್ತದಂತೆ. ಡಾಕ್ಟರು ಗಡಿಯಾರದ ಚಿತ್ರ ಬರೆಸಿದರು, ತಿಂಗಳುಗಳನ್ನು ಹಿಂದಿನಿಂದ ಹೇಳಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಬಿ12 ಕಡಿಮೆ ಇದೆ, ನಿದ್ದೆಯೂ ಕಡಿಮೆ, ಮಾತ್ರೆ ತಗೊಳ್ಳಿ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಮಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನದಿಂದ ಸುಮ್ಮನೆ ರೆಗ್ಯುಲೇಟರ್ ತಿರುಗಿಸತೊಡಗಿದ.

ಇಂಡಕ್ಷನ್ ತರೋಣವಾ ಅಮ್ಮ ಅಂದ ಒಂದು ದಿನ. ಆಮೇಲೆ ನೋಡೋಣ ಅಂದೆ. ಮುನಿಸಿನಲ್ಲಿದ್ದೆ ನೋಡಿ.

ಹೀಗಿರುವಾಗ ಈ ಮೋಮೋ. ಮೊದಲ ಶನಿವಾರ ನನ್ನದೇ ತಪ್ಪು. ಮೊಮ್ಮಗಳು ಬರುವಷ್ಟರಲ್ಲಿ ಮೆತ್ತಗಾಗಿರಲಿ, ಹಾಟ್‌ಬಾಕ್ಸಿನ ಬಿಸಿಗೆ ಇಟ್ಟರೂ ಆದೀತು ಎಂದುಕೊಂಡು ಬೆಳಗ್ಗೆ ಎಂಟಕ್ಕೇ ಪೊಟ್ಟಣ ಹೊರಗೆ ತೆಗೆದಿಟ್ಟೆ. ಏಪ್ರಿಲ್ ತಿಂಗಳು, ಮೈಸೂರಿನ ಸೆಕೆ. ಹನ್ನೆರಡೂವರೆಗೆ ನೋಡಿದರೆ ಹನ್ನೆರಡು ಮೋಮೋ ಸೇರಿ ಒಂದೇ ಹಿಟ್ಟಿನ ಮುದ್ದೆಯಾಗಿತ್ತು, ಎಲೆಕೋಸು ನೀರು ಬಿಟ್ಟು ಪೊಟ್ಟಣ ತೊಟ್ಟಿಕ್ಕುತ್ತಿತ್ತು.

ಪುಟ್ಟಿ ಪೊಟ್ಟಣದ ಹಿಂಬದಿ ಓದಿದಳು. ಮೈನಸ್ 18 ಡಿಗ್ರಿಯಲ್ಲಿ ಇಡಬೇಕು, ಕರಗಿಸದೆ ಫ್ರೀಜರಿನಿಂದ ನೇರವಾಗಿ ಬೇಯಿಸಬೇಕು, ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡಬಾರದು.

"ಮತ್ತೆ ಇಟ್ಟರೆ ಏನಾಗುತ್ತೆ ಅಜ್ಜಿ? ಮತ್ತೆ ಗಟ್ಟಿ ಆಗುತ್ತಲ್ವಾ?"

ಗಟ್ಟಿಯೇನೋ ಆಗುತ್ತದೆ. ಆದರೆ ಫ್ರೀಜರಿನಲ್ಲಿ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ ಮಗು, ನಿದ್ದೆ ಮಾಡುತ್ತವೆ ಅಂದೆ. 5 ಡಿಗ್ರಿ ದಾಟಿದರೆ ಕಣ್ಣು ಬಿಡುತ್ತವೆ. 60 ಡಿಗ್ರಿಯವರೆಗೂ ಅವಕ್ಕೆ ಹಬ್ಬ. ನಾಲ್ಕೂವರೆ ಗಂಟೆ ಹಬ್ಬ ಮಾಡಿದ್ದನ್ನು ಮತ್ತೆ ಮಲಗಿಸಿದರೆ ಎಣಿಕೆಯೇನೂ ಕಡಿಮೆಯಾಗುವುದಿಲ್ಲ. ಕುದಿಸಿ ಕೊಲ್ಲಬಹುದಲ್ಲ ಅಂದಳು. ಕೆಲವು ಬ್ಯಾಕ್ಟೀರಿಯಾ ತಾವು ಸತ್ತರೂ ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ ಅಂದೆ. ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿದೆವು. ನನ್ನ ತಲೆಮಾರಿನವರಿಗೆ ತಿನ್ನುವ ವಸ್ತುವನ್ನು ಎಸೆಯುವುದೆಂದರೆ ಕರುಳು ಕಿವುಚಿದ ಹಾಗೆ. ಆ ದಿನ ಅನ್ನ ಸಾರೇ ಗತಿಯಾಯಿತು. ಪುಟ್ಟಿ ಒಂದು ಮಾತೂ ಆಡದೆ ಉಂಡಳು. ನನಗೆ ಅದೇ ಹೆಚ್ಚು ಚುಚ್ಚಿತು.

ಎರಡನೆಯ ಶನಿವಾರ ಅವಳದೇ ಉಪಾಯ: ನೀರು ಕಾಯಿಸುವ ಕರೆಂಟ್ ಕೆಟಲ್. ಹಾಸ್ಟೆಲಿನ ಅಕ್ಕಂದಿರು ಅದರಲ್ಲೇ ನೂಡಲ್ಸ್ ಮಾಡುತ್ತಾರಂತೆ. ನಾನೂ ತಲೆಯಾಡಿಸಿದೆ. ಆರು ಮೋಮೋ ನೀರಿಗೆ ಬಿತ್ತು. ನೀರು ಕುದಿಯಿತು, ಕೆಟಲ್ ಟಪ್ ಎಂದು ಆರಿತು. ಅದರ ಗುಣವೇ ಅದು. ಹಬೆ ತಾಗಿದೊಡನೆ ಆರುವಂತೆ ಮಾಡಿರುತ್ತಾರೆ, ಏಕೆಂದರೆ ನೀರು ಕುದಿಸುವುದಷ್ಟೇ ಅದರ ಕೆಲಸ, ಬೇಯಿಸುವುದಲ್ಲ. ಪುಟ್ಟಿ ಮತ್ತೆ ಒತ್ತಿದಳು. ಮತ್ತೆ ಆರಿತು. ನಾಲ್ಕನೆಯ ಸಲಕ್ಕೆ ಮೈದಾಹಿಟ್ಟು ಬಿಟ್ಟುಕೊಂಡು ಗಂಜಿಯಂತೆ ನೊರೆ ಎದ್ದು, ಮೂತಿಯಿಂದ ಉಕ್ಕಿ ಕೆಳಗಿನ ಬೈಠಕ್ಕಿಗೆ ಹರಿಯಿತು. ಮನೆಯ ಕರೆಂಟೇ ಹೋಯಿತು.

ಪುಟ್ಟಿ ಕೆಟಲ್ ಎತ್ತಲು ಕೈ ಚಾಚಿದಳು. "ಮುಟ್ಟಬೇಡ!" ಎಂದು ನಾನು ಕೂಗಿದ ಕೂಗಿಗೆ ನನಗೇ ಆಶ್ಚರ್ಯ. ಎಂಟನೇ ತರಗತಿ 'ಬಿ' ಸೆಕ್ಷನ್ನಿನ ಕೊನೆಯ ಬೆಂಚಿಗೆ ಕೇಳಿಸುತ್ತಿದ್ದ ಹಳೆಯ ದನಿ ಅದು. ಒಣಗಿದ ಕೈಯಲ್ಲಿ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಕೆಟಲ್ ಮುಟ್ಟಿದ್ದು. ತಳದಲ್ಲಿ ಎರಡು ಮೋಮೋ ಅಂಟಿ ಕಂದುಬಣ್ಣಕ್ಕೆ ತಿರುಗಿದ್ದವು, ಉಳಿದವು ಗಂಜಿಯಲ್ಲಿ ಕರಗಿದ್ದವು. ಕರೆಂಟು ಹೋಗಿದ್ದು ಒಳ್ಳೆಯದೇ ಆಯಿತು. ಹೋಗದೇ ಇದ್ದಿದ್ದರೆ?

ಸಂಜೆ ಮಗನಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡಬಹುದಿತ್ತು. ಪುಟ್ಟಿ ಕಣ್ಣಲ್ಲೇ ಹೇಳಬೇಡ ಎನ್ನುತ್ತಿದ್ದಳು. ಆದರೆ ಮಗುವನ್ನು ನನ್ನ ಭರವಸೆಯ ಮೇಲೆ ಬಿಟ್ಟು ಹೋಗುತ್ತಾರೆ, ಅಲ್ಲಿ ಸುಳ್ಳು ಸಲ್ಲದು. ಅವನು ಹೆಂಡತಿಯ ಮುಖ ನೋಡಿದ. ಸೊಸೆ ಒಂದು ಕ್ಷಣ ಯೋಚಿಸಿ, "ಅತ್ತೆ, ಅಟ್ಟದ ಮೇಲೆ ನಮ್ಮ ಮದುವೆಗೆ ಯಾರೋ ಕೊಟ್ಟ ರೈಸ್ ಕುಕ್ಕರ್ ಇದೆ ನೋಡಿ. ಬಾಕ್ಸೇ ಒಡೆದಿಲ್ಲ" ಅಂದಳು.

ಹದಿಮೂರು ವರ್ಷದಿಂದ ಅಟ್ಟದಲ್ಲಿತ್ತು! ಪ್ರೆಶರ್ ಕುಕ್ಕರ್ ಕೂಗುವ ಮನೆಯಲ್ಲಿ ಅದಕ್ಕೆ ಕೆಲಸವೇ ಬಂದಿರಲಿಲ್ಲ. ಜೊತೆಯಲ್ಲಿ ತೂತು ತೂತಿನ ಒಂದು ತಟ್ಟೆ. ಅದನ್ನು ಕಂಡದ್ದೇ ನನಗೆ ಜೀವ ಬಂತು. ಇಡ್ಲಿ ಪಾತ್ರೆಯ ತಂಗಿಯಲ್ಲವೇ ಇದು!

ಮೋಮೋ ನನಗೆ ಹೊಸದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಶಾಲೆಯಲ್ಲಿದ್ದಾಗ ಮಕ್ಕಳನ್ನು ಬೈಲಕುಪ್ಪೆಗೆ ಕರೆದುಕೊಂಡು ಹೋಗುತ್ತಿದ್ದೆವು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಸಾವಿರಾರು ಟಿಬೆಟನ್ನರು ಬಂದರು. ಆಗಿನ ಮೈಸೂರು ರಾಜ್ಯ ಕೊಟ್ಟ ಕಾಡುಜಮೀನಿನಲ್ಲಿ 1961ರಲ್ಲಿ ಬೈಲಕುಪ್ಪೆಯ ಮೊದಲ ವಸತಿ ಶುರುವಾಯಿತು. ಹಿಮದ ನಾಡಿನವರು ನಮ್ಮ ಕಡೆಯ ಬಿಸಿಲಲ್ಲಿ ಮುಸುಕಿನ ಜೋಳ ಬೆಳೆದರು. ಅಲ್ಲಿನ ಒಂದು ಚಿಕ್ಕ ಹೋಟೆಲಿನಲ್ಲಿ ಟಿಬೆಟನ್ ತಾಯಿಯೊಬ್ಬರು ಒಂದರ ಮೇಲೊಂದು ಕೂರುವ ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ ಎತ್ತಿದರು. ಹಬೆ ಕರಗಿದಾಗ ನೆರಿಗೆ ನೆರಿಗೆಯ ಬಿಳಿ ಉಂಡೆಗಳು ಕಂಡವು. "ಮೇಡಂ, ಮೋದಕ!" ಎಂದ ನನ್ನ ವಿದ್ಯಾರ್ಥಿಯೊಬ್ಬ. ಆ ತಾಯಿ ಕನ್ನಡದಲ್ಲೇ "ಮೋದಕ ಅಲ್ಲ ಮರಿ, ಮೋಮೋ. ಸಿಹಿ ಇಲ್ಲ" ಅಂದು ನಕ್ಕರು. ಹುಡುಗ ಹೇಳಿದ್ದರಲ್ಲಿ ತಪ್ಪೇನಿಲ್ಲ. ಹೊರಗೆ ಹಿಟ್ಟು, ಒಳಗೆ ಹೂರಣ, ಹಬೆಯಲ್ಲಿ ಬೇಯುವುದು. ನಮ್ಮ ಕಡುಬು, ಚೀನಾದವರ ಜಿಯಾವ್‌ಝ, ರಷ್ಯಾದವರ ಪೆಲ್ಮೆನಿ ಎಲ್ಲ ದಾಯಾದಿಗಳೇ. ಸೈಬೀರಿಯಾದ ಜನರಂತೂ ಚಳಿಗಾಲದಲ್ಲಿ ನೂರಾರು ಪೆಲ್ಮೆನಿ ಮಾಡಿ ಹೊರಗಿನ ಹಿಮದಲ್ಲಿಟ್ಟು ಕಲ್ಲಾಗಿಸಿ, ಚೀಲಕ್ಕೆ ತುಂಬಿ ಬೇಟೆಗೆ ಒಯ್ಯುತ್ತಿದ್ದರು. ಫ್ರೀಜರ್ ಬರುವುದಕ್ಕೂ ಬಹಳ ಮುಂಚಿನ ಮಾತು.

ಮೂರನೆಯ ಶನಿವಾರ. ಕುಕ್ಕರಿನ ಒಳಪಾತ್ರೆಗೆ ಅರ್ಧ ಲೋಟ ನೀರು ಹಾಕಿದೆವು. ನೀರು ಕುದಿಯತೊಡಗಿದ ಮೇಲೆ ತಟ್ಟೆ ಇಟ್ಟು, ಫ್ರೀಜರಿನಿಂದ ಆಗ ತಾನೇ ತೆಗೆದ, ಕಲ್ಲಿನಂತಿದ್ದ ಆರು ಮೋಮೋ ಜೋಡಿಸಿದೆವು. ತಟ್ಟೆಗೆ ಎಣ್ಣೆ ಸವರಬೇಕು, ಒಂದಕ್ಕೊಂದು ತಾಗಬಾರದು. ಕಡುಬಿಗೆ ಏನು ನಿಯಮವೋ ಇದಕ್ಕೂ ಅದೇ. ಕೆಲವು ನಿಮಿಷದಲ್ಲೇ ಕಟಕ್ ಎಂದು ಗುಂಡಿ ಮೇಲೆದ್ದಿತು.

"ಆಯ್ತು ಅಜ್ಜಿ!" ಎಂದು ಪುಟ್ಟಿ ತಟ್ಟೆ ಹಿಡಿದು ಬಂದಳು. ನೋಡಲು ಬೆಂದಂತೆಯೇ ಇತ್ತು, ಹೊರಮೈ ಹೊಳೆಯುತ್ತಿತ್ತು. ನಾನು ಒಂದನ್ನು ಚಾಕುವಿನಿಂದ ನಡುವೆ ಸೀಳಿದೆ. ಒಳಗೆ ಎಲೆಕೋಸಿನ ನಡುವೆ ಮಂಜಿನ ಹರಳು ಮಿನುಗಿತು.

ಇದನ್ನು ಮಕ್ಕಳು ಗಮನವಿಟ್ಟು ಕೇಳಬೇಕು. ಕುಕ್ಕರಿಗೆ ಮೋಮೋ ಬೆಂದಿತೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ವಿಷಯ, ತಳದ ಬಿಸಿ. ಪಾತ್ರೆಯಲ್ಲಿ ನೀರು ಇರುವ ತನಕ ತಳ 100 ಡಿಗ್ರಿಯ ಹತ್ತಿರವೇ ಇರುತ್ತದೆ, ಬಂದ ಶಾಖವೆಲ್ಲ ನೀರನ್ನು ಹಬೆ ಮಾಡುವುದಕ್ಕೇ ಖರ್ಚು. ನೀರು ಮುಗಿದೊಡನೆ ಬಿಸಿ ಮೇಲೇರುತ್ತದೆ. ನಮ್ಮ ಮನೆಯದರಂಥ ಸಾದಾ ಕುಕ್ಕರುಗಳ ತಳದಲ್ಲಿ ಒಂದು ಅಯಸ್ಕಾಂತವೂ, ಅದು ಹಿಡಿದುಕೊಂಡಿರುವ ಒಂದು ವಿಶೇಷ ಲೋಹಮಿಶ್ರಣದ ಬಿಲ್ಲೆಯೂ ಇರುತ್ತವೆ. ನೂರರಿಂದ ಸ್ವಲ್ಪ ಮೇಲೇರಿದರೆ ಆ ಬಿಲ್ಲೆ ಕಾಂತಗುಣ ಕಳೆದುಕೊಳ್ಳುತ್ತದೆ. ಅಯಸ್ಕಾಂತದ ಹಿಡಿತ ತಪ್ಪುತ್ತದೆ, ಸ್ಪ್ರಿಂಗ್ ಎಳೆಯುತ್ತದೆ, ಕಟಕ್! ಬಿಸಿಗೆ ಕಾಂತಗುಣ ಹೋಗುವ ಆ ಮಟ್ಟಕ್ಕೆ ಪಿಯರ್ ಕ್ಯೂರಿಯ ಹೆಸರಿದೆ. ಮೇರಿ ಕ್ಯೂರಿಯ ಗಂಡ. ಅನ್ನಕ್ಕೆ ಈ ಲೆಕ್ಕ ಸರಿ, ನೀರು ಇಂಗಿತು ಎಂದರೆ ಅನ್ನ ಆಯಿತು. ಹಬೆಗೆ ಇಟ್ಟದ್ದಕ್ಕೆ ಈ ಲೆಕ್ಕ ನಡೆಯುವುದಿಲ್ಲ. ನಾವು ನೀರು ಕಡಿಮೆ ಹಾಕಿದ್ದೆವು, ನೀರು ಮುಗಿಯಿತು, ಅದು ಆರಿತು. ಅಷ್ಟೇ.

ಹೊರಗೆ ಬೆಂದು ಒಳಗೆ ಮಂಜು ಉಳಿದದ್ದು ಹೇಗೆ? ಒಂದು ಗ್ರಾಂ ಮಂಜುಗಡ್ಡೆ 0 ಡಿಗ್ರಿಯಲ್ಲೇ ಇದ್ದು ಬರೀ ಕರಗುವುದಕ್ಕೆ 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖದಲ್ಲಿ ಕರಗಿದ ಒಂದು ಗ್ರಾಂ ನೀರನ್ನು 80 ಡಿಗ್ರಿಗೆ ಏರಿಸಬಹುದು. ಗುಪ್ತೋಷ್ಣ ಎಂದು ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ! ಗುಪ್ತ ಉಷ್ಣ, ಅಡಗಿದ ಬಿಸಿ. ಹುಡುಗರು ಬಾಯಿಪಾಠ ಮಾಡಿ ಬರೆಯುತ್ತಿದ್ದರು. ಪುಟ್ಟಿ ಮಾತ್ರ ಸೀಳಿದ ಮೋಮೋದ ನಡುವಿಗೆ ಬೆರಳಿಟ್ಟು, ಹೊರಗಿನ ಬಿಸಿಯನ್ನೂ ಒಳಗಿನ ತಣ್ಣನ್ನೂ ಒಟ್ಟಿಗೇ ಮುಟ್ಟಿ, "ಓ" ಅಂದಳು. ಮೂವತ್ತೊಂದು ವರ್ಷದಲ್ಲಿ ನನಗೆ ಅಂಥ "ಓ" ಹೆಚ್ಚು ಸಿಕ್ಕಿರಲಿಲ್ಲ.

ತಟ್ಟೆಯನ್ನು ಇಕ್ಕಳದಲ್ಲಿ ಎತ್ತಿ, ಈ ಸಲ ಎರಡು ಲೋಟ ನೀರು ಹಾಕಿದೆವು, ತಟ್ಟೆಗೆ ತಾಗದಷ್ಟು. ಮುಚ್ಚಳ ಬಿಗಿಯಾಗಿ ಹಾಕಿ ಗಡಿಯಾರ ನೋಡಿದೆವು. ಹಬೆ ಬರತೊಡಗಿದ ಮೇಲೆ ಹನ್ನೆರಡು ನಿಮಿಷ. ಪೊಟ್ಟಣದ ಮೇಲೆ ಹತ್ತು ಎಂದಿತ್ತು. ಅದು ದೊಡ್ಡ ಒಲೆಯ ಜೋರು ಹಬೆಯ ಲೆಕ್ಕ, ನಮ್ಮದು ಬಡಪಾಯಿ ಕುಕ್ಕರ್. ಮತ್ತೊಂದನ್ನು ಸೀಳಿದಾಗ ನಡುವಿನಿಂದಲೂ ಹೊಗೆಯಾಡುವ ಬಿಸಿ ಬಂತು. ಆಗ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತೆವು. ಕಟಕ್ ಎಂದ ಮೇಲೂ ಅದು ಪೂರ್ತಿ ಆರಿರುವುದಿಲ್ಲ, ಬೆಚ್ಚಗಿಡುವ ಗುಂಡಿಯ ಮೇಲೆ ನಿಂತಿರುತ್ತದೆ ಅಷ್ಟೇ.

ಮುಚ್ಚಳ ತೆಗೆಯುವ ಕೆಲಸ ನಾನು ಮಕ್ಕಳಿಗೆ ಕೊಡುವುದಿಲ್ಲ. ಕುದಿಯುವ ನೀರಿಗಿಂತ ಹಬೆ ಹೆಚ್ಚು ಸುಡುತ್ತದೆ. ಒಂದು ಗ್ರಾಂ ಹಬೆ ಚರ್ಮಕ್ಕೆ ತಾಗಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖ ಅಲ್ಲಿ ಸುರಿದುಬಿಡುತ್ತದೆ. ಮುಚ್ಚಳವನ್ನು ನಮ್ಮಿಂದಾಚೆಗೆ ಓರೆ ಮಾಡಿ, ಹಬೆ ಗೋಡೆಯ ಕಡೆ ಹೋಗುವಂತೆ ಎತ್ತಬೇಕು. ನನ್ನ ಅತ್ತೆ ಕಡುಬಿನ ಹಂಡೆ ತೆಗೆಯುತ್ತಿದ್ದದ್ದು ಹಾಗೆಯೇ, ಅವರು ಯಾವ ಶಾಲೆಗೂ ಹೋದವರಲ್ಲ.

ಪಕ್ಕದ ಮನೆಯ ಹುಡುಗ ವಾಸನೆಗೆ ಬಂದ. ಅವರ ಮನೆಯಲ್ಲಿ ಕೋಳಿಯದು ತರುತ್ತಾರಂತೆ. ಅದಕ್ಕೆ ಇನ್ನೂ ಎಚ್ಚರ ಬೇಕು ಮರಿ ಅಂದೆ. ಒಳಗಿನ ಮಾಂಸ ಹಸಿಯೋ ಬೇಯಿಸಿದ್ದೋ ಪೊಟ್ಟಣದಲ್ಲಿ ಓದಬೇಕು. ಯಾವುದೇ ಆಗಲಿ, ನಡುವೆ 75 ಡಿಗ್ರಿ ಮುಟ್ಟಬೇಕು. ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಬರೀ ಬಣ್ಣ ನೋಡಿ ನಂಬುವುದು ಸಾಲದು. ನಮ್ಮ ಮನೇಲಿ ಮೈಕ್ರೋವೇವ್ ಇದೆ ಎಂದು ಅವನು ಬೀಗಿದ. ಬೆಂಗಳೂರಿನ ನನ್ನ ತಂಗಿಯ ಮನೆಯಲ್ಲೂ ಇದೆ, ಅದರಲ್ಲಿ ಮಾಡಿದ ಮೋಮೋದ ಅಂಚು ಚಪ್ಪಲಿಯಂತೆ, ನಡುವೆ ಐಸ್‌ಕ್ಯಾಂಡಿಯಂತೆ ಇತ್ತು. ಆ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ, ಮಂಜುಗಡ್ಡೆ ಬಹಳ ಕಡಿಮೆ. ಮೊದಲು ಕರಗಿದ ಮೂಲೆ ಕಾಯುತ್ತಲೇ ಹೋಗುತ್ತದೆ, ಕರಗದ್ದು ಹಾಗೇ ಉಳಿಯುತ್ತದೆ. ಗಾಜಿನ ಬಟ್ಟಲಿನಲ್ಲಿ ಸ್ವಲ್ಪ ನೀರು ಹಾಕಿ, ಮುಚ್ಚಳ ಸಡಿಲವಾಗಿ ಮುಚ್ಚಿ, ನಡುವೆ ನಿಲ್ಲಿಸಿ ತಿರುವಿಟ್ಟು, ಆದ ಮೇಲೂ ಎರಡು ನಿಮಿಷ ಬಿಟ್ಟರೆ ಶಾಖ ಒಳಗೆ ಇಳಿಯುತ್ತದೆ. ಸ್ಟೀಲ್ ಪಾತ್ರೆ ಮಾತ್ರ ಕೂಡದು. ಇಷ್ಟು ಹೇಳುವಷ್ಟರಲ್ಲಿ ಅವನು ಎರಡು ಮೋಮೋ ಮುಗಿಸಿದ್ದ.

ನನ್ನ ಮನಸ್ಸು ಬೇರೆ ಕಡೆಗಿತ್ತು. ಆ ದಿನ ಇನ್ನೊಂದು ತಟ್ಟೆ ಮೋಮೋ ಇಟ್ಟು, ಫೋನ್ ಬಂತೆಂದು ಹೊರಗೆ ಹೋಗಿ ತಂಗಿಯ ಜೊತೆ ಮಾತಿಗಿಳಿದುಬಿಟ್ಟೆ. ನೆನಪಾಗಿ ಎದೆ ಧಸಕ್ಕೆಂದು ಓಡಿಬಂದರೆ ನೀರು ಇಂಗಿ, ಗುಂಡಿ ತಾನೇ ಮೇಲೆದ್ದು, ಕುಕ್ಕರ್ ಸುಮ್ಮನೆ ಬೆಚ್ಚಗೆ ಕೂತಿತ್ತು. ಗ್ಯಾಸಾಗಿದ್ದರೆ ಎಂದು ಯೋಚಿಸಿದೆ. ಬಹಳ ಹೊತ್ತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದೆ.

ಸಂಜೆ ಮಗ ಬಂದಾಗ ಅದನ್ನೂ ಹೇಳಿದೆ. "ರೆಗ್ಯುಲೇಟರ್ ಮುಚ್ಚುವುದು ಬಿಡಬೇಡಪ್ಪ. ನೀನು ಮರೆತ ದಿನ ನಾನೇ ಮುಚ್ಚುತ್ತೇನೆ" ಅಂದೆ. ಅವನು ತಲೆ ತಗ್ಗಿಸಿಕೊಂಡು ಶೂ ಬಿಚ್ಚುತ್ತಿದ್ದ. ಬಿಚ್ಚಿದ ಮೇಲೂ ಹಾಗೇ ಕೂತಿದ್ದ. "ನಿನಗೆ ಬೇಜಾರಾಗಿತ್ತಾ ಅಮ್ಮ?" ಅಂದ. ಆಗಿತ್ತು ಅಂದೆ.

ಅಷ್ಟರಲ್ಲಿ ಪುಟ್ಟಿ ಅಪ್ಪನಿಗೆಂದು ತೆಗೆದಿಟ್ಟಿದ್ದ ನಾಲ್ಕು ಮೋಮೋ ಫ್ರಿಜ್ಜಿನಿಂದ ತಂದಳು. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದ್ದೇವೆ, ಈಗ ಮತ್ತೆ ಹಬೆಯಲ್ಲಿ ನಡುವಿನ ತನಕ ಬಿಸಿ ಮಾಡಿಯೇ ಕೊಡುವುದು, ಮಧ್ಯೆ ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ ಎಂದು ಅಪ್ಪನಿಗೆ ಪಾಠ ಶುರುಮಾಡಿದಳು. ನನ್ನದೇ ಧಾಟಿ, ನನ್ನ ಹಾಗೆಯೇ ತೋರುಬೆರಳು. ಅವನು ಹೆಣ್ಣುಮಕ್ಕಳ ಮಧ್ಯೆ ಸಿಕ್ಕಿಕೊಂಡವನಂತೆ ಕೈಕಟ್ಟಿ ನಿಂತು ಕೇಳಿದ. ತಿಂದು ಮುಗಿಸಿ, ಕುಕ್ಕರಿನ ತೂತಿನ ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಮ್ಮ, ಇದರಲ್ಲಿ ನುಚ್ಚಿನುಂಡೆ ಆಗುತ್ತಾ?"

ರಾತ್ರಿ ತೊಗರಿಬೇಳೆ, ಕಡಲೆಬೇಳೆ ನೆನೆಹಾಕಿ ಮಲಗಿದೆ. ಬೆಳಗ್ಗೆ ಪುಟ್ಟಿ ಕಣ್ಣುಜ್ಜುತ್ತಾ ಬಂದು, "ಅಜ್ಜಿ, ಬೇಳೆ ನೆನೆಹಾಕಿದ್ದು ನೆನಪಿದೆಯಾ?" ಅಂದಳು. ಬೇಳೆ ಬಸಿದು, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ಹೆಚ್ಚುತ್ತಿದ್ದೆ.

"ತಟ್ಟೆಗೆ ಎಣ್ಣೆ ಸವರು ಬಾ" ಅಂದೆ.